ಮಳೆ ಜಾಕೆಟ್ ನೀರು ಕುಡಿಯುತ್ತಿದೆಯಾ? ಬಿಸಾಡುವ ಮೊದಲು ಒಂದು ಸಲ ಒಗೆದು ನೋಡಿ

ಮೇ ಕೊನೆಗೆ ಮುಂಗಾರು ಕೇರಳಕ್ಕೆ ಬಂತಂತೆ ಅನ್ನುವ ಸುದ್ದಿ ಶುರುವಾಗುವ ಹೊತ್ತಿಗೆ ನನಗೆ ಒಂದೇ ಪ್ರಶ್ನೆ ಹತ್ತು ಕಡೆಯಿಂದ ಬರುತ್ತದೆ. "ಅಷ್ಟೊಂದು ದುಡ್ಡು ಕೊಟ್ಟು ತಗೊಂಡ ಜಾಕೆಟ್, ಎರಡು ಮಳೆಗಾಲ ಚೆನ್ನಾಗಿತ್ತು, ಈಗ ನೀರು ಕುಡೀತಿದೆ. ಹೊಸದು ತಗೊಳ್ಳಲಾ, ಇಲ್ಲಾ ಏನಾದ್ರೂ ಸ್ಪ್ರೇ ಹೊಡೀಬಹುದಾ?" ನಾನು ತಿರುಗಿ ಕೇಳುವುದು ಇಷ್ಟೇ: ಕೊನೆಯ ಸಲ ಒಗೆದದ್ದು ಯಾವಾಗ? ಸ್ವಲ್ಪ ಹೊತ್ತು ಮೌನ. ಆಮೇಲೆ, "ಒಗೆದ್ರೆ ವಾಟರ್‌ಪ್ರೂಫ್ ಹೋಗಿಬಿಡಲ್ವಾ?"

ಸರಿಯಾಗಿ ಒಗೆದರೆ ಹೋಗಲ್ಲ. ಬೆವರು, ತಲೆಯ ಎಣ್ಣೆ, ಕೆಸರು, ರಸ್ತೆಯ ಹೊಗೆ ಎಲ್ಲ ಬಟ್ಟೆಯ ಮೇಲೆ ಕೂತು ಕೂತು ಜಾಕೆಟ್ ನೀರು ಹೀರಲು ಶುರುಮಾಡುತ್ತದೆ. ಎಷ್ಟೋ ಜಾಕೆಟ್‌ಗಳಿಗೆ ಬೇಕಾಗಿರುವುದು ಒಂದು ಒಳ್ಳೆ ಸ್ನಾನ, ಮೇಲೊಂದಿಷ್ಟು ಬಿಸಿ. ಸ್ಪ್ರೇ ಬಾಟಲಿ ಬೇಕಾಗುವುದು ಅದಾದಮೇಲೆ, ಅದೂ ಬೇಕಾದರೆ ಮಾತ್ರ. ಮನೆಯಲ್ಲೇ ಇದನ್ನೆಲ್ಲ ಹೇಗೆ ಮಾಡುವುದು ಅಂತ ಒಂದು ಸಲ ಪೂರ್ತಿ ಬರೆದುಬಿಡುತ್ತೇನೆ, ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸಬಹುದು.

ಇದು ಯಾವ ಜಾಕೆಟ್‌ಗೆ ಅನ್ನುವುದು ಮೊದಲು. ಚಾರಣಕ್ಕೆ, ಬೈಕಿಗೆ ಹಾಕುವ, ನೀರು ಒಳಗೆ ಬಿಡದ ಆದರೆ ಬೆವರಿನ ಆವಿಯನ್ನು ಹೊರಗೆ ಬಿಡುವ ಜಾಕೆಟ್‌ಗಳಿಗೆ. ಶಾಲೆಗೆ ಹೋಗುವಾಗ ಹಾಕುತ್ತಿದ್ದೆವಲ್ಲ, ಡಕ್‌ಬ್ಯಾಕ್ ಥರದ ದಪ್ಪ ರೇನ್‌ಕೋಟ್, ಅದಕ್ಕೆ ಇದ್ಯಾವುದೂ ಬೇಡ. ಒದ್ದೆ ಬಟ್ಟೆಯಲ್ಲಿ ಒರೆಸಿ ನೆರಳಲ್ಲಿ ಒಣಗಿಸಿದರೆ ಆಯಿತು. ಹಕ್ಕಿಯ ಪುಕ್ಕ ತುಂಬಿದ ಡೌನ್ ಜಾಕೆಟ್, ಮೇಣ ಹಚ್ಚಿದ ಹತ್ತಿ ಜಾಕೆಟ್ ಇವೆರಡಕ್ಕೂ ಬೇರೆಯೇ ಕ್ರಮ ಇದೆ. ಅವನ್ನು ಈ ಲೇಖನ ಓದಿಕೊಂಡು ಬಕೆಟ್ಟಿಗೆ ಹಾಕಬೇಡಿ.

ನೀರನ್ನು ತಡೆಯುವುದು ಏನು?

ಹೊಸ ಜಾಕೆಟ್ ಮೇಲೆ ಮಳೆ ಬಿದ್ದಾಗ ನೋಡಿದ್ದೀರಲ್ಲ, ಕೆಸುವಿನ ಎಲೆ ಮೇಲೆ ಬಿದ್ದ ಹಾಗೆ ನೀರು ಮುತ್ತು ಮುತ್ತಾಗಿ ಉರುಳಿ ಹೋಗುತ್ತದೆ. ಅದು ಹೊರಬಟ್ಟೆಗೆ ಕೊಟ್ಟಿರುವ ಒಂದು ತೆಳು ಲೇಪದ ಕೆಲಸ. ಕಂಪನಿಗಳು ಇದನ್ನು ಡಿಡಬ್ಲ್ಯುಆರ್ ಅನ್ನುತ್ತವೆ. ನೀರನ್ನು ದೂರ ತಳ್ಳುವ, ಬಾಳಿಕೆ ಬರುವ ಲೇಪ ಅಂತ ಅರ್ಥ. ನಾನು ಇಲ್ಲಿ ಸುಮ್ನೆ 'ಮೇಲ್ಲೇಪ' ಅಂತ ಕರೆಯುತ್ತೇನೆ. ಮಲೆನಾಡಿನ ಹಳಬರು ಕಂಬಳಿ ಕೊಪ್ಪೆ ಹೊದ್ದು ಗದ್ದೆಗೆ ಇಳಿಯುತ್ತಿದ್ದರಲ್ಲ, ಅಲ್ಲಿ ಕುರಿಯ ಉಣ್ಣೆಯಲ್ಲಿ ಉಳಿದ ಜಿಡ್ಡು ಮಾಡುತ್ತಿದ್ದ ಕೆಲಸವೂ ಇದೇ.

ನಿಜವಾಗಿ ನೀರು ಒಳಗೆ ಬಾರದಂತೆ ತಡೆಯುವುದು ಅದರ ಕೆಳಗಿನ ಪೊರೆ. ಗೋರ್‌ಟೆಕ್ಸ್ ಅಂದರೆ ಇಂಥ ಒಂದು ಪೊರೆ. 1969ರಲ್ಲಿ ಅಮೆರಿಕದ ಬಾಬ್ ಗೋರ್ ಬಿಸಿ ಮಾಡಿದ ಟೆಫ್ಲಾನನ್ನು ಝಟ್ಟನೆ ಎಳೆದಾಗ ಅದು ಹರಿಯದೆ, ಲೆಕ್ಕವಿಲ್ಲದಷ್ಟು ಸಣ್ಣ ರಂಧ್ರಗಳಿರುವ ಹಾಳೆಯಾಗಬಲ್ಲ ವಸ್ತುವಾಗಿ ಹಿಗ್ಗಿತು. ನಾನ್‌ಸ್ಟಿಕ್ ದೋಸೆ ಕಾವಲಿಯ ಅದೇ ಟೆಫ್ಲಾನ್. ಆ ರಂಧ್ರದಲ್ಲಿ ನೀರಿನ ಹನಿ ತೂರುವುದಿಲ್ಲ, ಆವಿ ತೂರುತ್ತದೆ. ಕಡಿಮೆ ಬೆಲೆಯ ಜಾಕೆಟ್‌ಗಳಲ್ಲಿ ಪೊರೆಯ ಬದಲು ಒಳಮೈಗೆ ಪಾಲಿಯುರೆಥೇನ್, ಅಂದರೆ ಪಿಯು, ಬಳಿದಿರುತ್ತಾರೆ. ಲೇಬಲ್‌ನಲ್ಲಿ 10,000 ಮಿ.ಮೀ. ಅಂತ ಬರೆದಿದ್ದರೆ, ಆ ಬಟ್ಟೆಯ ಮೇಲೆ ಹತ್ತು ಮೀಟರ್ ಎತ್ತರದ ನೀರಿನ ಕಂಬ ನಿಲ್ಲಿಸಿದಷ್ಟು ಒತ್ತಡ ತಡೆಯುತ್ತದೆ ಅಂತ ಲೆಕ್ಕ.

ಈಗ ಎಡವಟ್ಟು ಎಲ್ಲಾಗುತ್ತದೆ ನೋಡಿ. ಕೊಳೆಯಿಂದ ಮೇಲ್ಲೇಪ ಮಂಕಾದಾಗ ಹೊರಬಟ್ಟೆ ನೀರು ಹೀರಿ ಭಾರವಾಗುತ್ತದೆ, ಬಣ್ಣ ಗಾಢವಾಗುತ್ತದೆ. ಒಳಗಿನ ಪೊರೆ ಇನ್ನೂ ಗಟ್ಟಿಯಾಗೇ ಇರುತ್ತದೆ, ನೀರು ದಾಟಿ ಬಂದಿರುವುದಿಲ್ಲ. ಆದರೆ ಹೊರಗೆ ನೀರಿನ ಪದರ ಕೂತಿರುವುದರಿಂದ ನಿಮ್ಮ ಬೆವರಿನ ಆವಿಗೆ ಹೊರಗೆ ಹೋಗಲು ದಾರಿಯಿಲ್ಲ. ಅದು ಒಳಗೇ ತಣ್ಣಗಾಗಿ ನೀರಾಗುತ್ತದೆ. ಅಂಗಿ ಒದ್ದೆ, ಮೈ ಥಂಡಿ, "ಜಾಕೆಟ್ ಸೋರ್ತಿದೆ" ಅನ್ನುವ ದೂರು. ಸೋರಿದ್ದು ಮಳೆಯಲ್ಲ, ನಿಮ್ಮದೇ ಬೆವರು.

ಇನ್ನೊಂದು ಮಾತು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ ಸುರಿಯುವ ಆಗುಂಬೆಯಂಥ ಕಡೆ, ಜುಲೈನಲ್ಲಿ, ಹೊರಗಿನ ಗಾಳಿಯೇ ಒದ್ದೆಯಾಗಿರುವಾಗ ಎಷ್ಟೇ ದುಬಾರಿ ಜಾಕೆಟ್ ಹಾಕಿ ಏರು ಹತ್ತಿದರೂ ಬೆವರು ಪೂರ್ತಿ ಹೊರಗೆ ಹೋಗುವುದಿಲ್ಲ. ಅದು ಜಾಕೆಟ್ಟಿನ ತಪ್ಪಲ್ಲ. ಕಂಕುಳ ಕೆಳಗೆ ಜಿಪ್ ಇದ್ದರೆ ತೆರೆದುಕೊಳ್ಳಿ.

ಮೊದಲು ಒಂದು ತಂಬಿಗೆ ನೀರಿನ ಪರೀಕ್ಷೆ

ಜಾಕೆಟನ್ನು ಹ್ಯಾಂಗರಿಗೆ ಹಾಕಿ ಬಚ್ಚಲಲ್ಲಿ ನೇತುಹಾಕಿ. ಭುಜ, ತೋಳು, ಬೆನ್ನು, ಟೋಪಿ ಎಲ್ಲ ಕಡೆ ನೀರು ಚಿಮುಕಿಸಿ ಒಂದೆರಡು ನಿಮಿಷ ಬಿಡಿ, ಆಮೇಲೆ ಕೊಡವಿ. ಹನಿ ಉರುಳಿ ಹೋಗಿ ಬಟ್ಟೆ ಒಣಗಿಯೇ ಇದ್ದರೆ ಏನೂ ಮಾಡಬೇಡಿ. ಅಲ್ಲಲ್ಲಿ ಗಾಢ ಬಣ್ಣದ ಮಚ್ಚೆಗಳು ಉಳಿದರೆ ಅಲ್ಲಿ ಮೇಲ್ಲೇಪ ಕೆಲಸ ಮಾಡುತ್ತಿಲ್ಲ. ಸಾಮಾನ್ಯವಾಗಿ ಬ್ಯಾಗಿನ ಪಟ್ಟಿ ಉಜ್ಜುವ ಭುಜ, ಮುಂಗೈ ಅಂಚು, ಕೊರಳಪಟ್ಟಿ ಇವು ಮೊದಲು ಸೋಲುತ್ತವೆ.

ನಿಜವಾಗಿಯೂ ಒಳಗೆ ನೀರು ಬರುತ್ತಿದೆಯಾ ಅನ್ನುವ ಅನುಮಾನ ಇದ್ದರೆ ಇನ್ನೊಂದು ಪರೀಕ್ಷೆ ಮಾಡಿ. ಜಾಕೆಟ್ಟಿನ ಬೆನ್ನಿನ ಭಾಗವನ್ನು ಖಾಲಿ ಬಕೆಟ್ ಮೇಲೆ ಹರಡಿ, ಹೊರಮೈ ಮೇಲೆ ಬರುವಂತೆ, ಮಧ್ಯೆ ಗುಂಡಿ ಬೀಳುವ ಹಾಗೆ ಒತ್ತಿ ಅದರಲ್ಲಿ ಒಂದು ಲೋಟ ನೀರು ನಿಲ್ಲಿಸಿ. ಹತ್ತು ನಿಮಿಷ ಬಿಟ್ಟು ಒಳಗಡೆಯಿಂದ ಟಿಶ್ಯೂ ಕಾಗದ ಒತ್ತಿ ನೋಡಿ. ಕಾಗದ ಒಣಗಿದ್ದರೆ ಪೊರೆ ಚೆನ್ನಾಗಿದೆ. ಒದ್ದೆಯಾದರೆ ಪೊರೆಯೋ ಹೊಲಿಗೆಯ ಪಟ್ಟಿಯೋ ಹೋಗಿದೆ, ಆ ವಿಷಯ ಕೊನೆಯಲ್ಲಿ ಹೇಳುತ್ತೇನೆ.

ಏನೇನು ಬೇಕು

ಜಾಕೆಟ್‌ಗೆಂದೇ ಮಾಡಿದ ಒಗೆಯುವ ದ್ರವ: ನಿಕ್‌ವ್ಯಾಕ್ಸ್‌ನ ಟೆಕ್ ವಾಶ್, ಗ್ರೇಂಜರ್ಸ್‌ನ ಪರ್ಫಾರ್ಮೆನ್ಸ್ ವಾಶ್ ಇತ್ಯಾದಿ. ಚಾರಣದ ಸಾಮಾನು ಮಾರುವ ಅಂಗಡಿಗಳಲ್ಲಿ, ಆನ್‌ಲೈನ್‌ನಲ್ಲಿ ಸಿಗುತ್ತವೆ. ಮೇಲ್ಲೇಪ ಹಾಕುವ ದ್ರವ ಬೇರೆ ಬಾಟಲಿ, ಅದನ್ನು ಈಗಲೇ ಕೊಳ್ಳಬೇಡಿ. ಒಗೆದು ನೋಡಿದ ಮೇಲೆ ತೀರ್ಮಾನಿಸಿ. ಉಳಿದದ್ದು ಮನೆಯಲ್ಲೇ ಇರುತ್ತದೆ: ದೊಡ್ಡ ಬಕೆಟ್ ಅಥವಾ ಟಬ್, ಹಳೆಯ ಮೆತ್ತನೆ ಹಲ್ಲುಜ್ಜುವ ಬ್ರಷ್, ಎರಡು ಟವೆಲ್, ಇಸ್ತ್ರಿ ಪೆಟ್ಟಿಗೆ, ಒಂದು ಹಳೇ ಹತ್ತಿ ಪಂಚೆ.

ವಿಶೇಷ ದ್ರವ ಸಿಗಲಿಲ್ಲ ಅಂದರೆ? ಸಾಧಾರಣ ದ್ರವ ಡಿಟರ್ಜೆಂಟನ್ನು ತೀರಾ ಸ್ವಲ್ಪ, ಬ್ಲೀಚ್ ಇಲ್ಲದ್ದು, ಕಂಡಿಷನರ್ ಬೆರೆಸದೇ ಇರುವುದು, ಹಾಕಬಹುದು. ಜಾಸ್ತಿ ಸಲ ಜಾಲಿಸಬೇಕು ಅಷ್ಟೇ. ಸೋಪಿನ ಪುಡಿ ಬೇಡ, ಕರಗದೆ ಉಳಿದ ಪುಡಿ ಹೊಲಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಬಟ್ಟೆ ಸೋಪಿನ ಬಾರ್ ಕೂಡ ಬೇಡ. ಅಂಟುವಾಳ ಆಗುತ್ತಾ ಅಂತ ಒಂದಿಬ್ಬರು ಕೇಳಿದ್ದರು. ರೇಷ್ಮೆ ಸೀರೆಗೆ ಸರಿ, ಆದರೆ ಅಂಟುವಾಳದ ನೊರೆಯೂ ನೊರೆಯೇ, ಬಟ್ಟೆಯಲ್ಲಿ ಉಳಿದರೆ ನೀರನ್ನು ಕರೆದು ಕೂರಿಸುತ್ತದೆ.

ಮನೆಗೆ ಬಂದ ಮೇಲೆ ಘಮಘಮ ಅನ್ನಲಿ ಅಂತ ಫ್ಯಾಬ್ರಿಕ್ ಕಂಡಿಷನರ್ ಹಾಕುವವರಿಗೆ ಕೈ ಮುಗಿದು ಹೇಳುತ್ತೇನೆ, ಇದೊಂದನ್ನು ಹಾಕಬೇಡಿ. ಅದು ನೂಲಿನ ಮೇಲೆ ಒಂದು ಪದರ ಬಿಟ್ಟು ಹೋಗುವುದಕ್ಕೇ ಇರುವ ವಸ್ತು. ಆ ಪದರ ನೀರನ್ನು ಹಿಡಿದುಕೊಳ್ಳುತ್ತದೆ, ಮೇಲ್ಲೇಪವನ್ನು ಮುಚ್ಚಿಹಾಕುತ್ತದೆ.

ಹಂತ 1: ಲೇಬಲ್ ಓದಿ, ಜಾಕೆಟ್ ತಯಾರು ಮಾಡಿ

ಒಳಗಡೆ ಪಕ್ಕದ ಹೊಲಿಗೆಯಲ್ಲಿ ಸಣ್ಣ ಲೇಬಲ್ ಇರುತ್ತದೆ. ತೊಟ್ಟಿಯ ಚಿತ್ರದೊಳಗಿನ ಸಂಖ್ಯೆ ನೀರಿನ ಬಿಸಿಯ ಮಿತಿ, 30 ಅಥವಾ 40 ಡಿಗ್ರಿ. ತ್ರಿಕೋನಕ್ಕೆ ಅಡ್ಡಗೆರೆ ಎಳೆದಿದ್ದರೆ ಬ್ಲೀಚ್ ಹಾಕಬಾರದು. ಇಸ್ತ್ರಿ ಪೆಟ್ಟಿಗೆಯೊಳಗೆ ಒಂದೇ ಚುಕ್ಕಿ ಇದ್ದರೆ ಗರಿಷ್ಠ 110 ಡಿಗ್ರಿ, ಅಂದರೆ ತೀರಾ ಕಡಿಮೆ ಬಿಸಿ. ಇಸ್ತ್ರಿಗೇ ಅಡ್ಡಗೆರೆ ಇದ್ದರೆ ಇಸ್ತ್ರಿ ಬೇಡ. ಚೌಕದೊಳಗೆ ವೃತ್ತ ಇದ್ದರೆ ಡ್ರೈಯರ್‌ನಲ್ಲಿ ಒಣಗಿಸಬಹುದು. ಇಲ್ಲಿ ನಾನು ಹೇಳಿದ್ದಕ್ಕೂ ಲೇಬಲ್‌ಗೂ ತಾಳೆಯಾಗದಿದ್ದರೆ ಲೇಬಲ್ ಮಾತನ್ನೇ ಕೇಳಿ.

ಜೇಬುಗಳನ್ನು ಖಾಲಿ ಮಾಡಿ. ಒಳಜೇಬಲ್ಲಿ ಕಡಲೆ ಚಿಕ್ಕಿಯ ಕವರ್, ಬಸ್ ಟಿಕೆಟ್ ಇದ್ದೇ ಇರುತ್ತದೆ. ಬೈಕ್ ಜಾಕೆಟ್ ಆದರೆ ಭುಜ, ಮೊಣಕೈ, ಬೆನ್ನಿನ ರಕ್ಷಾಕವಚಗಳನ್ನು ಹೊರಗೆ ತೆಗೆಯಿರಿ. ಮಳೆಗೆ ಒಳಗೆ ಹಾಕಿಕೊಳ್ಳುವ ಲೈನರ್ ಬೇರೆ ಇದ್ದರೆ ಬಿಚ್ಚಿ ಅದನ್ನು ಪ್ರತ್ಯೇಕ ಒಗೆಯಿರಿ, ನೀರು ತಡೆಯುವುದು ಅದೇ. ಜಿಪ್‌ಗಳನ್ನೆಲ್ಲ ಹಾಕಿ, ಮುಂಗೈಯ ವೆಲ್ಕ್ರೋ ಅಂಟಿಸಿ. ವೆಲ್ಕ್ರೋ ಬಿಟ್ಟರೆ ಅದರ ಕೊಕ್ಕೆ ಬಟ್ಟೆಯನ್ನೇ ಕಿತ್ತು ಜುಂಗು ಎಬ್ಬಿಸುತ್ತದೆ. ಒಣಗಿದ ಕೆಸರನ್ನು ಬ್ರಷ್ಷಿನಿಂದ ಉದುರಿಸಿ, ಆಮೇಲೆ ನೀರಿಗೆ ಹಾಕಿ.

ಹಂತ 2: ಜಿಡ್ಡಿರುವ ಜಾಗಗಳು

ನಮ್ಮ ಕಡೆ ಜಾಕೆಟ್ ಕೊಲ್ಲುವುದು ಮುಖ್ಯವಾಗಿ ಎರಡು: ಕೊಬ್ಬರಿ ಎಣ್ಣೆ ಹಚ್ಚಿದ ತಲೆ, ಇಂಬಳಕ್ಕೆ ಹಚ್ಚಿದ ಎಣ್ಣೆ. ಟೋಪಿಯ ಒಳಗಡೆ, ಕೊರಳಪಟ್ಟಿ, ಗಲ್ಲ ತಾಗುವ ಜಿಪ್ಪಿನ ತುದಿ, ಮುಂಗೈ ಅಂಚು ಇವುಗಳನ್ನು ಬೆಳಕಿಗೆ ಹಿಡಿದು ನೋಡಿ, ಸ್ವಲ್ಪ ಹೊಳೆಯುವ ಕಂದು ಪಟ್ಟಿ ಕಾಣುತ್ತದೆ. ಅಲ್ಲಿಗೆ ಒಗೆಯುವ ದ್ರವವನ್ನು ಹಾಗೇ ನಾಲ್ಕು ಹನಿ ಹಾಕಿ, ಹಲ್ಲುಜ್ಜುವ ಬ್ರಷ್ಷಿನಿಂದ ಮೆಲ್ಲಗೆ, ಸುತ್ತಿ ಸುತ್ತಿ ತಿಕ್ಕಿ, ಹತ್ತು ನಿಮಿಷ ಬಿಡಿ. ಒಗೆಯುವ ಕಲ್ಲಿನ ಮೇಲೆ ಹಾಕಿ ದೊಡ್ಡ ಬ್ರಷ್ಷಿನಲ್ಲಿ ಉಜ್ಜುವುದಂತೂ ಬೇಡವೇ ಬೇಡ.

ಹೊಸ ಜಾಕೆಟ್ ಇರುವವರಿಗೆ ಈ ಹಂತ ಇನ್ನೂ ಮುಖ್ಯ. ಹಳೆಯ ಮೇಲ್ಲೇಪಗಳಲ್ಲಿ ಪಿಎಫ್‌ಎಎಸ್ ಅನ್ನುವ ಫ್ಲೋರಿನ್ ರಾಸಾಯನಿಕಗಳಿದ್ದವು. ಅವು ನೀರನ್ನೂ ತಳ್ಳುತ್ತಿದ್ದವು, ಎಣ್ಣೆಯನ್ನೂ ತಳ್ಳುತ್ತಿದ್ದವು. ಆದರೆ ಅವು ಮಣ್ಣು ನೀರಿನಲ್ಲಿ ಕೊಳೆಯದೆ ಹಾಗೇ ಉಳಿಯುತ್ತವೆ ಅಂತ ಒಂದೊಂದಾಗಿ ಹೊರಗೆ ಹಾಕುತ್ತಿದ್ದಾರೆ. ಆ ಗುಂಪಿನ ಪಿಎಫ್‌ಒಎಸ್ 2009ರಲ್ಲಿ, ಪಿಎಫ್‌ಒಎ 2019ರಲ್ಲಿ, ಹೀಗೆ ಕೊಳೆಯದೆ ಉಳಿಯುವ ರಾಸಾಯನಿಕಗಳಿಗೆ ಕಡಿವಾಣ ಹಾಕುವ ಸ್ಟಾಕ್‌ಹೋಮ್ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗೆ ಸೇರಿದವು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2025ರ ಜನವರಿಯಿಂದ ಸಾಮಾನ್ಯ ಉಡುಪುಗಳಲ್ಲಿ ಪಿಎಫ್‌ಎಎಸ್ ಬೆರೆಸುವುದನ್ನು ನಿಷೇಧಿಸಿದೆ. ಒಳ್ಳೇದೇ ಆಯಿತು, ಆದರೆ ಹೊಸ ಲೇಪಗಳು ನೀರನ್ನು ಚೆನ್ನಾಗಿ ತಳ್ಳಿದರೂ ಎಣ್ಣೆಯ ಮುಂದೆ ಸೋಲುತ್ತವೆ. ಲೇಬಲ್‌ನಲ್ಲಿ ಪಿಎಫ್‌ಸಿ ಫ್ರೀ ಅಥವಾ ಪಿಎಫ್‌ಎಎಸ್ ಫ್ರೀ ಅಂತಿದ್ದರೆ ಜಾಕೆಟನ್ನು ಮೊದಲಿಗಿಂತ ಬೇಗ ಬೇಗ ಒಗೆಯಬೇಕಾಗುತ್ತದೆ.

ಹಂತ 3: ಒಗೆಯುವುದು

ಕೈಯಲ್ಲಿ ಒಗೆಯುವುದೇ ನನಗೆ ಇಷ್ಟ. ಬಕೆಟ್ಟಿಗೆ ಉಗುರುಬೆಚ್ಚಗಿನ ನೀರು ತುಂಬಿ. ಗೀಸರ್ ನೀರನ್ನು ನೇರ ಹಾಕಬೇಡಿ, ಕೈಯಿಟ್ಟರೆ ಹಾಯ್ ಅನಿಸುವಷ್ಟು ಬಿಸಿ ಸಾಕು. ಬಾಟಲಿಯಲ್ಲಿ ಹೇಳಿದಷ್ಟೇ ದ್ರವ ಹಾಕಿ. ಜಾಕೆಟ್ ಗಾಳಿ ತುಂಬಿಕೊಂಡು ಬಲೂನಿನ ಹಾಗೆ ತೇಲುತ್ತದೆ, ಅದನ್ನು ಒತ್ತಿ ಒತ್ತಿ ಗಾಳಿ ಬಿಡಿಸಿ ಮುಳುಗಿಸಿ. ಹದಿನೈದು ನಿಮಿಷ ನೆನೆಯಲಿ. ಆಮೇಲೆ ಎರಡೂ ಕೈಯಿಂದ ಒತ್ತುವುದು, ಬಿಡುವುದು, ಹೊರಳಿಸುವುದು. ರಾತ್ರಿಯಿಡೀ ನೆನೆಹಾಕಬೇಡಿ.

ಆ ನೀರನ್ನು ಚೆಲ್ಲುವ ಮುಂಚೆ ಒಂದು ಸಲ ನೋಡಿ. ವರ್ಷಗಟ್ಟಲೆ ಒಗೆಯದ ಜಾಕೆಟ್ ಆದರೆ ನೀರು ಎರಡನೇ ಸಲ ಇಳಿಸಿದ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿರುತ್ತದೆ, ತಳದಲ್ಲಿ ಕೆಮ್ಮಣ್ಣು ಕೂತಿರುತ್ತದೆ, ಮೇಲೆ ತೆಳ್ಳಗೆ ಜಿಡ್ಡಿನ ಕೆನೆ. ನೀರು ತಡೆಯುವ ಲೇಪದ ಮೇಲೆ ಇಷ್ಟು ದಿನ ಕೂತಿದ್ದದ್ದು ಇದೇ. ಬಣ್ಣ ತೀರಾ ಕಂದಾಗಿದ್ದರೆ ಇನ್ನೊಂದು ಸುತ್ತು ಒಗೆಯಿರಿ.

ಮಷಿನ್ನಿನಲ್ಲಿ ಹಾಕುವವರಿಗೆ ಒಂದು ದೊಡ್ಡ ಎಚ್ಚರಿಕೆ. ಮೇಲಿಂದ ಬಟ್ಟೆ ಹಾಕುವ ಟಾಪ್ ಲೋಡ್ ಮಷಿನ್, ಅರೆ ಆಟೋಮ್ಯಾಟಿಕ್ ಮಷಿನ್ನಿನ ಹಿಂಡುವ ತೊಟ್ಟಿ ಇವೆರಡರಲ್ಲೂ ಮಳೆ ಜಾಕೆಟನ್ನು ತಿರುಗಿಸಬೇಡಿ. ಬಟ್ಟೆ ನೀರು ಬಿಡುವುದಿಲ್ಲವಲ್ಲ, ಜಾಕೆಟ್ ಮಡಿಕೆಯಲ್ಲಿ ಬಿಂದಿಗೆಯಷ್ಟು ನೀರು ಹಿಡಿದುಕೊಂಡು ಜೋರಾಗಿ ತಿರುಗುವಾಗ ತೂಕ ಒಂದೇ ಕಡೆ ವಾಲುತ್ತದೆ. ಮಷಿನ್ ಕುಣಿದು ಜಾಗ ಬಿಟ್ಟು ಬರುತ್ತದೆ, ಡ್ರಮ್ ಮುರಿಯಲೂಬಹುದು. ಮಷಿನ್ ಜೊತೆ ಬರುವ ಪುಸ್ತಕದಲ್ಲೇ ನೀರು ತಡೆಯುವ ಬಟ್ಟೆ ಹಾಕಬೇಡಿ ಅಂತ ಬರೆದಿರುತ್ತಾರೆ, ನಾವು ಓದಿರುವುದಿಲ್ಲ ಅಷ್ಟೇ. ಮುಂದಿನಿಂದ ಹಾಕುವ ಫ್ರಂಟ್ ಲೋಡ್ ಇದ್ದರೂ ಪುಸ್ತಕ ನೋಡಿ. ಬೇಡ ಅಂದಿಲ್ಲದಿದ್ದರೆ 30 ಡಿಗ್ರಿ, ನಾಜೂಕು ಬಟ್ಟೆಯ ಪ್ರೋಗ್ರಾಂ, ಹಿಂಡುವ ವೇಗ ತೀರಾ ಕಡಿಮೆ. ಹಾಕುವ ಮೊದಲು ಸೋಪಿನ ಡ್ರಾಯರ್ ಹೊರಗೆಳೆದು ತೊಳೆಯಿರಿ, ಹಳೇ ಡಿಟರ್ಜೆಂಟ್, ಕಂಡಿಷನರ್ ಅಂಟಿಕೊಂಡಿರುತ್ತದೆ. ಜೀನ್ಸ್, ಟವೆಲ್ ಜೊತೆ ಸೇರಿಸಬೇಡಿ.

ಹಂತ 4: ಜಾಲಿಸುವುದು

ಎಲ್ಲರೂ ಸೋಮಾರಿತನ ಮಾಡುವ ಹಂತ ಇದೇ. ಬಕೆಟ್ ನೀರು ಬದಲಿಸಿ ಬದಲಿಸಿ ಜಾಲಿಸಿ, ನೊರೆ ಒಂದಿಷ್ಟೂ ಕಾಣದಂತಾಗುವ ತನಕ. ಬೆಂಗಳೂರಿನ ಎಷ್ಟೋ ಬಡಾವಣೆಗಳ ಹಾಗೆ ಬೋರ್‌ವೆಲ್ಲಿನ ಗಡಸು ನೀರಾದರೆ ಇನ್ನೂ ಎರಡು ಸಲ ಜಾಸ್ತಿ, ಗಡಸು ನೀರಿನಲ್ಲಿ ಸೋಪಿನ ಅಂಶ ಬಟ್ಟೆಗೆ ಅಂಟಿ ಉಳಿಯುವುದು ಹೆಚ್ಚು. ಸಾಧ್ಯವಾದರೆ ಕೊನೆಯ ನೀರು ಕಾವೇರಿಯದ್ದೋ ಮಳೆಯದ್ದೋ ಆಗಿರಲಿ. ಟೋಪಿ, ಜೇಬು, ತೋಳುಗಳ ಒಳಗೆ ನೀರು ನಿಂತಿರುತ್ತದೆ, ತಲೆಕೆಳಗು ಮಾಡಿ ಸುರಿಯಿರಿ.

ಹಿಂಡಬೇಡಿ. ಪಂಚೆ ಹಿಂಡುವ ಹಾಗೆ ತಿರುಚಿದರೆ ಒಳಪದರ ಸುಕ್ಕಾಗಿ ಪೊರೆ ಬಿಟ್ಟುಕೊಳ್ಳಬಹುದು. ಎರಡು ಟವೆಲ್ ನಡುವೆ ಹರಡಿ, ಸುತ್ತಿ, ಮೇಲಿಂದ ಒತ್ತಿ. ಆಮೇಲೆ ದಪ್ಪ ಹ್ಯಾಂಗರಿಗೆ ಹಾಕಿ ಬಚ್ಚಲಲ್ಲಿ ನೀರಿಳಿಯಲು ಬಿಡಿ.

ಹಂತ 5: ಒಣಗಿಸಿ, ಬಿಸಿ ತೋರಿಸಿ

ನೆರಳಲ್ಲಿ, ಗಾಳಿ ಆಡುವ ಕಡೆ ಒಣಗಿಸಿ. ಮಳೆಗಾಲ ಆದರೆ ಫ್ಯಾನಿನ ಕೆಳಗೆ. ಸುಡುಬಿಸಿಲಿಗೆ ಗಂಟೆಗಟ್ಟಲೆ ಹಾಕುವುದು ಬಟ್ಟೆಗೂ ಬಣ್ಣಕ್ಕೂ ಒಳ್ಳೆಯದಲ್ಲ. ಹೊರಗಡೆ ಒಣಗಿದ ಮೇಲೆ ಒಳಗು ಹೊರಗು ಮಾಡಿ ಇನ್ನೊಂದು ದಿನ ಬಿಡಿ, ಜೇಬಿನ ಮೂಲೆ ಕೊನೆಗೆ ಒಣಗುತ್ತದೆ.

ಈಗ ಬಿಸಿ. ಜನ ಬಿಟ್ಟುಬಿಡುವುದು ಇದನ್ನೇ. ಹಳೆಯ ಮೇಲ್ಲೇಪ ಇನ್ನೂ ಬಟ್ಟೆಯಲ್ಲಿ ಇದ್ದರೆ, ಉಜ್ಜಿ ಮಲಗಿದ್ದ ಅದರ ಕಣಗಳು ಹದವಾದ ಬಿಸಿಗೆ ಮತ್ತೆ ಎದ್ದು ನಿಲ್ಲುತ್ತವೆ, ನೀರು ಮತ್ತೆ ಹನಿಯಾಗಿ ಉರುಳುತ್ತದೆ. ಡ್ರೈಯರ್ ಇರುವವರು, ಹೆಚ್ಚಾಗಿ ಹೊರದೇಶದಲ್ಲಿರುವ ನಮ್ಮವರು, ಲೇಬಲ್ ಒಪ್ಪಿದರೆ ಒಣಗಿದ ಜಾಕೆಟನ್ನು ಕಡಿಮೆ ಬಿಸಿಯಲ್ಲಿ ಇನ್ನೊಂದು ಇಪ್ಪತ್ತು ನಿಮಿಷ ತಿರುಗಿಸಿ.

ಡ್ರೈಯರ್ ಇಲ್ಲದವರಿಗೆ ಇಸ್ತ್ರಿ ಪೆಟ್ಟಿಗೆ. ಪೂರ್ತಿ ಒಣಗಿರಬೇಕು. ಗುಂಡಿಯನ್ನು ತೀರಾ ಕೆಳಗಿನ ಸಿಂಥೆಟಿಕ್ ಗುರುತಿಗೆ ಇಳಿಸಿ, ಸ್ಟೀಮ್ ಬಂದ್ ಮಾಡಿ. ಜಾಕೆಟ್ ಮೇಲೆ ಒಣಗಿದ ಹತ್ತಿ ಪಂಚೆ ಹಾಸಿ, ಪಂಚೆಯ ಮೇಲೆ ಇಸ್ತ್ರಿ ಆಡಿಸಿ, ಎಲ್ಲೂ ನಿಲ್ಲಿಸದೆ. ಕೈಯಿಟ್ಟರೆ ಬಟ್ಟೆ ಚೆನ್ನಾಗಿ ಬೆಚ್ಚಗಾಗಿರಬೇಕು, ಸುಡಬಾರದು. ಮೊದಲು ಒಳಗಿನ ಅಂಚಿನಲ್ಲಿ ಎಲ್ಲಾದರೂ ಪ್ರಯೋಗ ಮಾಡಿ. ಜಿಪ್, ಅಂಟಿಸಿದ ಲೋಗೋ, ರಾತ್ರಿ ಹೊಳೆಯುವ ಪಟ್ಟಿ ಇವುಗಳ ಮೇಲೆ ಹೋಗಬೇಡಿ. ಒಳಗಡೆಯಿಂದ ಇಸ್ತ್ರಿ ಮಾಡಬೇಡಿ, ಹೊಲಿಗೆಯ ಪಟ್ಟಿಯ ಅಂಟು ಕರಗುತ್ತದೆ. ಪಂಚೆ ಯಾಕೆ ಅಂತ ಕೇಳುವವರಿಗೆ ನನ್ನ ನೀಲಿ ಜಾಕೆಟ್ಟಿನ ಬಲಭುಜ ತೋರಿಸುತ್ತೇನೆ. ಕೊಡಚಾದ್ರಿಗೆ ಹೊರಡುವ ಹಿಂದಿನ ರಾತ್ರಿ, ಬೇಗ ಮುಗೀಲಿ ಅಂತ ನೇರ ಇಸ್ತ್ರಿ ಇಟ್ಟೆ. ಪೆಟ್ಟಿಗೆಯ ಮೂತಿ ಆಕಾರದ್ದೇ ಒಂದು ಹೊಳಪು ಕಲೆ ಇವತ್ತಿಗೂ ಅಲ್ಲೇ ಇದೆ.

ಇದಿಷ್ಟು ಆದಮೇಲೆ ಮತ್ತೆ ತಂಬಿಗೆ ನೀರಿನ ಪರೀಕ್ಷೆ. ಹನಿ ಉರುಳಿದರೆ ಕೆಲಸ ಮುಗಿಯಿತು, ಎರಡನೇ ಬಾಟಲಿಯ ದುಡ್ಡು ಉಳಿಯಿತು. ಮಚ್ಚೆ ಇನ್ನೂ ಉಳಿದರೆ ಮುಂದಿನ ಹಂತ.

ಹಂತ 6: ಹೊಸ ಮೇಲ್ಲೇಪ

ಎರಡು ಥರ ಸಿಗುತ್ತವೆ: ನೀರಿಗೆ ಬೆರೆಸಿ ಅದರಲ್ಲಿ ಜಾಕೆಟ್ ಅದ್ದುವುದು ಒಂದು, ಮೇಲಿಂದ ಸ್ಪ್ರೇ ಮಾಡುವುದು ಇನ್ನೊಂದು. ಒಳಗಡೆ ಜಾಲರಿ ಅಥವಾ ಬೇರೆ ಅಸ್ತರಿ ಇದ್ದರೆ ಸ್ಪ್ರೇ ತಗೊಳ್ಳಿ. ಅದ್ದುವ ದ್ರವ ಅಸ್ತರಿಗೂ ಹತ್ತುತ್ತದೆ, ಆಗ ಬೆವರು ಹೀರಬೇಕಾದ ಒಳಬಟ್ಟೆಯೇ ನೀರು ತಳ್ಳಲು ಶುರುಮಾಡುತ್ತದೆ. ಅಸ್ತರಿ ಇಲ್ಲದ ಒಂಟಿ ಬಟ್ಟೆಯಂತೆ ಕಾಣುವ ಜಾಕೆಟ್‌ಗೆ ಅದ್ದುವುದು ಸುಲಭ, ಎಲ್ಲ ಕಡೆ ಒಂದೇ ಸಮ ಹತ್ತುತ್ತದೆ.

ಯಾವುದಾದರೂ ಇರಲಿ, ಒಗೆದ ಜಾಕೆಟ್‌ಗೇ ಹಾಕಬೇಕು. ಕೊಳೆಯ ಮೇಲೆ ಸ್ಪ್ರೇ ಹೊಡೆಯುವುದು ಅಂದರೆ ಧೂಳು ಗೋಡೆಗೆ ಸುಣ್ಣ ಬಳಿದ ಹಾಗೆ, ನಾಲ್ಕು ದಿನಕ್ಕೆ ಉದುರುತ್ತದೆ. ನೀರಿನ ಆಧಾರದ ದ್ರವಗಳನ್ನು ಒದ್ದೆ ಜಾಕೆಟ್‌ಗೇ ಹಾಕಬಹುದು. ಹಾಗಾಗಿ ಮೇಲ್ಲೇಪ ಹೋಗಿದೆ ಅಂತ ಮೊದಲೇ ಖಾತ್ರಿ ಇದ್ದರೆ ಜಾಲಿಸಿದ ಕೂಡಲೇ, ಒಣಗಿಸದೆ, ಈ ಕೆಲಸಕ್ಕೆ ಇಳಿಯಿರಿ.

ಅದ್ದುವುದಾದರೆ: ಕೈಗವಸು ಹಾಕಿಕೊಳ್ಳಿ. ಬಕೆಟ್ಟಿಗೆ ಜಾಕೆಟ್ ಮುಳುಗುವಷ್ಟು ಮಾತ್ರ ಬೆಚ್ಚಗಿನ ನೀರು, ಬಾಟಲಿ ಹೇಳಿದಷ್ಟು ದ್ರವ. ನೀರು ಹಾಲು ಬೆರೆಸಿದ ಹಾಗೆ ಬೆಳ್ಳಗಾಗುತ್ತದೆ. ಜಾಕೆಟ್ ಹಾಕಿ ಚೆನ್ನಾಗಿ ಹೊರಳಿಸಿ, ಸುಮಾರು ಹತ್ತು ನಿಮಿಷ ಬಿಟ್ಟು ಮತ್ತೆ ಹೊರಳಿಸಿ, ನೀರು ತಿಳಿಯಾಗುವವರೆಗೆ ಜಾಲಿಸಿ.

ಸ್ಪ್ರೇ ಆದರೆ: ಮನೆಯ ಹೊರಗೆ, ಬಾಲ್ಕನಿಯಲ್ಲೋ ತಾರಸಿಯಲ್ಲೋ ಮಾಡಿ. ಈ ಸಣ್ಣ ಹನಿಗಳನ್ನು ಉಸಿರಾಡಿದರೆ ಶ್ವಾಸಕೋಶಕ್ಕೆ ಕೆಟ್ಟದ್ದು, ಗಾಳಿಯಾಡದ ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಮಾತ್ರ ಹೊಡೆಯಬೇಡಿ. ಜಾಕೆಟನ್ನು ನೇತುಹಾಕಿ, ಸುಮಾರು 15 ಸೆಂ.ಮೀ. ದೂರದಿಂದ, ಭುಜ, ಟೋಪಿ, ತೋಳು, ಮುಂಗೈಗಳಿಗೆ ಹೆಚ್ಚು ಗಮನ ಕೊಟ್ಟು ಸಮನಾಗಿ ಹೊಡೆಯಿರಿ. ಎರಡು ನಿಮಿಷ ಬಿಟ್ಟು, ಒದ್ದೆ ಬಟ್ಟೆಯಿಂದ ಇಳಿಯುತ್ತಿರುವ ದ್ರವವನ್ನು ಒರೆಸಿ. ಒರೆಸದಿದ್ದರೆ ಒಣಗಿದ ಮೇಲೆ ಬಿಳಿ ಕಲೆಗಳು ಕಾಣುತ್ತವೆ. ಕಂಡರೂ ಗಾಬರಿ ಬೇಡ, ಬೆಚ್ಚಗಿನ ನೀರಿನ ಬಟ್ಟೆಯಲ್ಲಿ ಉಜ್ಜಿದರೆ ಹೋಗುತ್ತದೆ.

ಆಮೇಲೆ ಮತ್ತೆ ಒಣಗಿಸಿ. ಬಿಸಿ ಬೇಕಾ ಅನ್ನುವುದು ದ್ರವದ ಮೇಲೆ ಹೋಗುತ್ತದೆ, ಕೆಲವು ತಾವಾಗಿ ಒಣಗಿದರೂ ಸಾಕು, ಕೆಲವಕ್ಕೆ ಬಿಸಿ ಕೊಡಲೇಬೇಕು. ಬಾಟಲಿ ನೋಡಿ. ಶೂಗೆ, ಕಾರಿನ ಗಾಜಿಗೆ ಹೊಡೆಯುವ ಸ್ಪ್ರೇ ಉಳಿದಿದೆ ಅಂತ ಇಲ್ಲಿ ಖರ್ಚು ಮಾಡಬೇಡಿ. ಮೇಣದಬತ್ತಿ ಉಜ್ಜುವ ಉಪಾಯವೂ ಉಸಿರಾಡುವ ಜಾಕೆಟ್‌ಗೆ ಆಗಿಬರುವುದಿಲ್ಲ.

ಯಾವುದು ರಿಪೇರಿ ಆಗುವುದಿಲ್ಲ

ಜಾಕೆಟ್ಟಿನ ಒಳಗಡೆ ಹೊಲಿಗೆಯುದ್ದಕ್ಕೂ ಅಂಟಿಸಿದ ಪಟ್ಟಿ ಇರುತ್ತದೆ. ಸೂಜಿ ಚುಚ್ಚಿದ ತೂತುಗಳನ್ನು ಮುಚ್ಚುವುದು ಅದೇ. ಒಂದೆರಡು ಕಡೆ ತುದಿ ಎದ್ದಿದ್ದರೆ ಹೊಲಿಗೆ ಮುಚ್ಚುವ ಅಂಟು ಸಿಗುತ್ತದೆ, ಸೀಮ್ ಗ್ರಿಪ್ ಥರದ್ದು, ತೆಳ್ಳಗೆ ಹಚ್ಚಿ ಒಂದು ರಾತ್ರಿ ಬಿಟ್ಟರೆ ಸಾಕು. ಸಣ್ಣ ಹರಕಿಗೆ ಒಳಗಿಂದ ರಿಪೇರಿ ಟೇಪ್, ಮೂಲೆಗಳನ್ನು ಗುಂಡಗೆ ಕತ್ತರಿಸಿ ಅಂಟಿಸಿ, ಚೂಪು ಮೂಲೆ ಬೇಗ ಏಳುತ್ತದೆ.

ಆದರೆ ಒಳಮೈ ಜಿಗಟಾಗಿದೆ, ಹುಳಿ ಹುಳಿ ವಾಸನೆ ಬರುತ್ತಿದೆ, ತಲೆಹೊಟ್ಟಿನ ಹಾಗೆ ಬಿಳಿ ಪುಡಿ ಅಂಗಿಗೆ ಅಂಟುತ್ತಿದೆ ಅಂದರೆ ಪಿಯು ಲೇಪ ಕೊಳೆತಿದೆ. ತೇವ ಮತ್ತು ಸೆಕೆ ಸೇರಿದರೆ ಅದು ನಿಧಾನಕ್ಕೆ ಒಡೆಯುತ್ತದೆ. ಮಲೆನಾಡು, ಕರಾವಳಿಯ ಮನೆಗಳಲ್ಲಿ ಜಾಕೆಟ್, ಟೆಂಟು ಎರಡೂ ಬೇಗ ಹಾಳಾಗುವುದು ಹೀಗೇ. ಹೊರಗಿನಿಂದ ಎಷ್ಟು ಸ್ಪ್ರೇ ಹೊಡೆದರೂ ಅದು ವಾಪಸ್ ಬರುವುದಿಲ್ಲ. ಅಂಥದ್ದನ್ನು ತೋಟದ ಕೆಲಸಕ್ಕೆ ಇಟ್ಟುಕೊಳ್ಳಿ, ಅಥವಾ ಅದರ ಜಿಪ್ಪು, ಹಗ್ಗ, ಗುಂಡಿ ಬಿಚ್ಚಿಕೊಂಡು ಉಳಿದದ್ದು ಬಿಡಿ.

ಬರೀ ಮುಗ್ಗಲು ವಾಸನೆ, ಕಪ್ಪು ಚುಕ್ಕಿ ಬೂಷ್ಟು ಆದರೆ ಭಯ ಬೇಡ. ಮೇಲಿನ ಕ್ರಮದಲ್ಲೇ ಎರಡು ಸಲ ಒಗೆದರೆ ವಾಸನೆ ಹೋಗುತ್ತದೆ, ಚುಕ್ಕಿಯ ಗುರುತು ಸ್ವಲ್ಪ ಉಳಿಯಬಹುದು. ಅದನ್ನು ತೆಗೆಯಲು ಬ್ಲೀಚ್ ಹಾಕಿ ಜಾಕೆಟ್ಟನ್ನೇ ಕಳೆದುಕೊಳ್ಳಬೇಡಿ.

ಎಷ್ಟು ದಿನಕ್ಕೊಮ್ಮೆ, ಎಲ್ಲಿ ಇಡುವುದು

ವಾರಕ್ಕೊಮ್ಮೆ ಬೆಟ್ಟಕ್ಕೆ ಹೋಗುವವರು ಮಳೆಗಾಲದಲ್ಲಿ ತಿಂಗಳಿಗೊಮ್ಮೆ, ದಿನಾ ಬೈಕಿನಲ್ಲಿ ಆಫೀಸಿಗೆ ಹೋಗುವವರೂ ಹೆಚ್ಚುಕಡಿಮೆ ಹಾಗೇ, ವರ್ಷಕ್ಕೆ ಎರಡು ಚಾರಣ ಮಾಡುವವರಿಗೆ ಮಳೆಗಾಲ ಮುಗಿದ ಮೇಲೆ ಒಂದು ಸಲ. ಇದು ನನ್ನ ಲೆಕ್ಕ. ಕೊರಳಪಟ್ಟಿ ಹೊಳೆಯಲು ಶುರುವಾದರೆ ಲೆಕ್ಕ ನೋಡಬೇಡಿ, ಒಗೆಯಿರಿ.

ಚಾರಣದಿಂದ ಬಂದ ರಾತ್ರಿ ಎಷ್ಟೇ ಸುಸ್ತಾಗಿರಲಿ, ಒದ್ದೆ ಜಾಕೆಟನ್ನು ಬ್ಯಾಗಿನಿಂದ ತೆಗೆದು ಹ್ಯಾಂಗರಿಗೆ ಹಾಕಿ ಮಲಗಿ. ಮಳೆಗಾಲ ಮುಗಿದ ಮೇಲೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಅಟ್ಟಕ್ಕೆ ಎಸೆಯಬೇಡಿ. ಬೀರುವಿನಲ್ಲಿ ಬಟ್ಟೆಗಳ ಜೊತೆ ಸಡಿಲವಾಗಿ ನೇತುಹಾಕಿ. ಅದರದ್ದೇ ಸಣ್ಣ ಚೀಲದಲ್ಲಿ ತುರುಕಿ ಇಡುವುದು ಪ್ರಯಾಣಕ್ಕೆ ಮಾತ್ರ, ಎಂಟು ತಿಂಗಳು ಹಾಗೇ ಮಡಿಸಿಟ್ಟರೆ ಮಡಿಕೆ ಬಿದ್ದ ಜಾಗದಲ್ಲೇ ಪೊರೆ ಮೊದಲು ಬಿರಿಯುತ್ತದೆ.